ಗೀಜಗ ಕೂಗಿತು

ಗೀಜಗ ಸೂರ್ಯಕಾಂತಿ ಹೊಲದಲ್ಲಿ ಬಿದ್ದ ಮಧ್ಯಾಹ್ನ ಅದರೊಳಗಿನ ಪರದೆಯ ಮೇಲೆ ‘ಎಲ್ಲ ಸರಿಯಾಗಿದೆ’ ಎಂಬ ಹಸಿರು ಅಕ್ಷರಗಳು ಕಡೆಯವರೆಗೂ ಬೆಳಗುತ್ತಿದ್ದವು. ಬಿದ್ದ ಮೇಲೂ ಬೆಳಗುತ್ತಿದ್ದವು. ಬಾಗಿಲು ಮುರಿದು ಒಳಗಿದ್ದವರನ್ನು ಹೊರಗೆಳೆದ ಹೊಲದ ಜನ ಮೊದಲು ಓದಿದ್ದೇ ಅದನ್ನು.

ಗೀಜಗವೆಂದರೆ ಪೈಲಟ್ ಇಲ್ಲದೆ ಹಾರುವ ಆಂಬುಲೆನ್ಸ್. ಮೇಲೆ ಗಿರಗಿರ ತಿರುಗುವ ರೆಕ್ಕೆಗಳು, ಕೆಳಗೆ ಜೋತುಬಿದ್ದ ಉದ್ದನೆಯ ಹೊಟ್ಟೆ. ಆ ಹೊಟ್ಟೆಯಲ್ಲಿ ಒಬ್ಬ ರೋಗಿ, ಜೊತೆಗೊಬ್ಬ ನರ್ಸ್. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ಬಾಯಿಗೆ ಸಿಗದಷ್ಟು ಉದ್ದದ ಹೆಸರಿತ್ತು. ಗದಗ ಸೀಮೆಯ ಜನ ಅದನ್ನು ಕಂಡ ಮೊದಲ ದಿನವೇ ‘ಗೀಜಗನ ಗೂಡು’ ಎಂದರು. ಆಮೇಲೆ ಗೂಡು ಬಿದ್ದುಹೋಗಿ ಗೀಜಗ ಮಾತ್ರ ಉಳಿಯಿತು. ಮುಂಡರಗಿ, ಶಿರಹಟ್ಟಿ, ರೋಣದ ಕಡೆಯ ಹಳ್ಳಿಗಳಿಂದ ದೊಡ್ಡಾಸ್ಪತ್ರೆಗೆ ರಸ್ತೆಯಲ್ಲಿ ಬರುವಷ್ಟರಲ್ಲಿ ಜೀವ ಹೋಗುತ್ತಿದ್ದ ಕಾಲವೊಂದಿತ್ತು ಎಂಬುದನ್ನೇ ಹೊಸ ತಲೆಮಾರು ಮರೆಯುತ್ತಿತ್ತು.

ಆ ದಿನ ಬಿದ್ದ ಗೀಜಗದಲ್ಲಿದ್ದ ನರ್ಸ್ ಶಂಭುಲಿಂಗ. ರೋಗಿಯನ್ನು ತನ್ನ ಮೈಯಿಂದ ಮುಚ್ಚಿಕೊಂಡಿದ್ದರಿಂದ ಆಕೆಗೆ ತರಚು ಗಾಯ ಮಾತ್ರ ಆಗಿತ್ತು. ಅವನ ಬಲಗೈ ಮಣಿಕಟ್ಟು ಮುರಿದಿತ್ತು. ಸುದ್ದಿ ತಿಳಿದು ಅವನ ಹೆಂಡತಿ ನೀಲಾಂಬಿಕಾ ಆಸ್ಪತ್ರೆಗೆ ಓಡಿಬಂದಳು. ಅವಳು ಬೇರೆಲ್ಲಿಂದಲೋ ಬಂದವಳಲ್ಲ. ಗೀಜಗಗಳನ್ನು ಹಾರಿಸುವ ಬೆಟಗೇರಿಯ ನಿಯಂತ್ರಣ ಕೇಂದ್ರದಲ್ಲಿ ಪ್ರೋಗ್ರಾಮ್‌ಗಳ ಉಸ್ತುವಾರಿ ಅವಳದೇ. ಹಳೆಯದೊಂದು ಕಂಪನಿ ಬರೆದುಕೊಟ್ಟು ಬಾಗಿಲು ಮುಚ್ಚಿಕೊಂಡು ಹೋಗಿದ್ದ ಪ್ರೋಗ್ರಾಮ್ ಅದು. ಅವಳ ಕೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

“ನೋವು ಬಾಳ ಐತೇನ್ರಿ?” ಎಂದು ಅವಳು ಪ್ಲಾಸ್ಟರಿನ ಅಂಚನ್ನು ಮೆಲ್ಲಗೆ ಮುಟ್ಟಿ ಕೇಳಿದಳು.

“ಕೈಯಿಂದು ಬಿಡು, ಕೂಡತೈತಿ,” ಎಂದ ಶಂಭುಲಿಂಗ. “ನನಗ ತಿಳೀಲಾರದ್ದು ಒಂದ. ಬೀಳೂ ಮೊದಲ ನನ್ನ ಕಿವಿ ಗಪ್ ಅಂದುವು. ಹೊಟ್ಟಿ ಬಾಯಿಗೆ ಬಂದಂಗಾತು. ಕೆಳಗ ಹೊಂಟೇವಿ ಅಂತ ನನಗ ಗೊತ್ತಾತು, ಆ ಪೇಶಂಟಿಗೂ ಗೊತ್ತಾತು. ಅದಕ್ಕಷ್ಟ ಯಾಕ ಗೊತ್ತಾಗಲಿಲ್ಲ ನೀಲಾ?”

ಒಂದು ವಾರದ ಮೇಲೆ ಬಂದ ತನಿಖೆಯ ವರದಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ‘ಎಲ್ಲ ಘಟಕಗಳೂ ಸುಸ್ಥಿತಿಯಲ್ಲಿದ್ದವು, ಅನಿರೀಕ್ಷಿತ ಬೀಸುಗಾಳಿಯೇ ಕಾರಣ’ ಎಂದು ಬರೆದು ಸಮಿತಿಯವರು ಚಹಾ ಕುಡಿದು ಎದ್ದುಹೋದರು. ಅವಳು ಮಾತ್ರ ಕುರ್ಚಿ ಎಳೆದುಕೊಂಡು ಆ ಪ್ರೋಗ್ರಾಮಿನ ಮುಂದೆ ಕುಳಿತಳು.

ಗೀಜಗದ ಮಿದುಳು ಒಂದೇ ಮುದ್ದೆಯಾದ ಪ್ರೋಗ್ರಾಮ್ ಆಗಿರಲಿಲ್ಲ. ಪ್ರೋಗ್ರಾಮಿನ ಪುಟ್ಟ ತುಂಡುಗಳಾದ ನೂರಾರು ಆಬ್ಜೆಕ್ಟ್‌ಗಳು ಕೂಡಿ ಬಾಳುವ ಸಂಸಾರವಾಗಿತ್ತು. ಗಾಳಿಮಾಪಕ ಒಂದು ಆಬ್ಜೆಕ್ಟ್, ಬ್ಯಾಟರಿ ಒಂದು, ರೆಕ್ಕೆಗಳವು ಒಂದೊಂದು, ದಾರಿ ಹಾಕುವುದು ಇನ್ನೊಂದು. ಪ್ರತಿಯೊಂದಕ್ಕೂ ತನ್ನದೇ ತಿಳಿವಳಿಕೆ, ತನ್ನದೇ ಕೆಲಸ. ದಾರಿ ಹಾಕುವ ಆಬ್ಜೆಕ್ಟ್ ಗಾಳಿಮಾಪಕವನ್ನು ‘ಗಾಳಿ ಎಷ್ಟು?’ ಎಂದು ಕೇಳುತ್ತದೆ, ಅದು ಇಷ್ಟು ಎಂದು ಹೇಳುತ್ತದೆ, ಇದು ಆ ಪ್ರಕಾರ ಓಲಾಡದಂತೆ ದಾರಿ ಹಿಡಿಯುತ್ತದೆ.

ಉತ್ತರವೇ ಗೊತ್ತಿಲ್ಲದಿದ್ದರೆ? ಅದಕ್ಕೂ ಒಂದು ಏರ್ಪಾಡಿದೆ. ಆಗ ಆಬ್ಜೆಕ್ಟ್ ಒಂದು ಎಕ್ಸೆಪ್ಶನ್ ಎಸೆಯುತ್ತದೆ. ಅಂದರೆ ‘ಇದು ನನ್ನಿಂದಾಗುತ್ತಿಲ್ಲ’ ಎಂದು ಕಾರಣ ಸಹಿತ ಕೂಗಿ ಹೇಳುತ್ತದೆ. ಕೇಳಿದವರು ಆ ಕೂಗನ್ನು ಹಿಡಿದು ಏನಾದರೂ ದಾರಿ ಮಾಡಬೇಕು. ಆಗದಿದ್ದರೆ ತಮ್ಮ ಮೇಲಿನವರಿಗೆ ದಾಟಿಸಬೇಕು. ಅಷ್ಟೇ ಅಲ್ಲ, ತಾನು ಯಾವ ಯಾವ ಬಗೆಯಲ್ಲಿ ಸೋಲಬಹುದೆಂದು ಪ್ರತಿ ಆಬ್ಜೆಕ್ಟ್ ತನ್ನ ಕೆಲಸದ ತಲೆಬರಹದಲ್ಲೇ ಮೊದಲು ಸಾರಿರಬೇಕು. ಹಾಗೆ ಸಾರಿದ್ದರೆ ಅದನ್ನು ನೆಚ್ಚಿಕೊಂಡವರು ಕಣ್ಣು ತೆರೆದು ನೆಚ್ಚಿಕೊಳ್ಳುತ್ತಾರೆ.

ಗೀಜಗದ ಗಾಳಿಮಾಪಕ ಏನನ್ನೂ ಸಾರಿರಲಿಲ್ಲ. ದೂಳು ಕಟ್ಟಿ ಅಳತೆ ಸಿಗದೇ ಹೋದಾಗ ಅದರೊಳಗೆ ಕೂಗು ಏಳುತ್ತಿತ್ತು, ನಿಜ. ಆದರೆ ಅದನ್ನು ಅಲ್ಲಲ್ಲೇ ಹಿಡಿದು ಅದುಮುವ ಸಾಲೊಂದಿತ್ತು. ಹಿಡಿದ ಮೇಲೆ ಏನು ಮಾಡಬೇಕೆಂದು ಬರೆಯಬೇಕಾದ ಜಾಗ ಖಾಲಿ. ಅದರ ಕೆಳಗೆ, ಹಿಂದಿನ ಸಲ ಸಿಕ್ಕ ಅಳತೆಯನ್ನೇ ಮತ್ತೆ ಹೇಳು ಎಂಬ ಆಜ್ಞೆ. ಹೀಗಾಗಿ ಆ ಮಧ್ಯಾಹ್ನ ಗೀಜಗ ಬೀಸಿ ಮುಗಿದುಹೋದ ಗಾಳಿಯೊಂದರಲ್ಲಿ ಹಾರುತ್ತಿದ್ದೇನೆಂದು ತಿಳಿದುಕೊಂಡು, ನಿಜವಾದ ಗಾಳಿಯ ಏಟಿಗೆ ನೆಲ ಕಂಡಿತ್ತು.

ನೀಲಾಂಬಿಕಾ ಬ್ಯಾಟರಿಯ ಆಬ್ಜೆಕ್ಟ್ ತೆರೆದು ನೋಡಿದಳು. ಅಲ್ಲೂ ಅದೇ. ರೆಕ್ಕೆಗಳಲ್ಲಿ, ಬಾಗಿಲಿನಲ್ಲಿ, ಆಮ್ಲಜನಕದ ಸಿಲಿಂಡರಿನಲ್ಲೂ ಅದೇ. ಏನೇ ಬಂದರೂ ಹಿಡಿ, ಏನೂ ಮಾಡಬೇಡ.

ಕೇಂದ್ರದ ನಿರ್ದೇಶಕರು ಮಾಧವರಾವ್ ಕಟ್ಟಿ. ಧಾರವಾಡದವರು, ಸ್ವತಃ ವೈದ್ಯರು. ಈ ಸೇವೆ ಶುರುವಾಗಲೆಂದು ವರ್ಷಗಟ್ಟಲೆ ಬೆಂಗಳೂರಿನ ಕಚೇರಿಗಳ ಮೆಟ್ಟಿಲು ಹತ್ತಿಳಿದವರು. ನೀಲಾಂಬಿಕಾ ಎಲ್ಲವನ್ನೂ ವಿವರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಕಾಶದಾಗ ಇದ್ದಾಗ ಒಂದು ಎಕ್ಸೆಪ್ಶನ್ ಎದ್ದು, ಅದನ್ನ ಯಾರೂ ಹಿಡೀಲಿಲ್ಲಂದ್ರ ಏನಾಗ್ತದ, ನೀಲಾಂಬಿಕಾ ಅವರ?”

“ಪ್ರೋಗ್ರಾಮ್ ನಿಲ್ತೈತ್ರಿ ಸರ್.”

“ನಿಂತ್ರ?”

“ಬೀಳ್ತೈತ್ರಿ.”

“ಅದಕ್ಕ ಆ ಕಂಪನಿಯವರು ಎಲ್ಲಾ ಕಡೆ ಬಾಯಿ ಕಟ್ಟ್ಯಾರ. ಸುಮ್ಮನಿದ್ರ ಹಾರ್ತದ ಅಂತ.”

“ಹಾರ್ತೈತ್ರಿ, ಆದ್ರ ಕಣ್ಣು ಮುಚ್ಚಿಗೊಂಡು ಹಾರ್ತೈತಿ,” ಎಂದಳು ನೀಲಾಂಬಿಕಾ. “ನಾ ಎಲ್ಲಾ ಆಬ್ಜೆಕ್ಟ್‌ಗಳ ಬಾಯಿ ಬಿಚ್ಚತೇನಿ. ಯಾವುದು ಯಾವಾಗ ಸೋಲಬಹುದು ಅಂತ ಅವು ಮೊದಲ ಸಾರಲಿ. ಸೋತಾಗ ಕೂಗಲಿ. ಆ ಕೂಗು ಹಾದಿ ತಪ್ಪದಂಗ ಮ್ಯಾಲೆ ಬಂದು ಮುಟ್ಟಲಿ. ಮ್ಯಾಲೆ ಹಿಡ್ಯಾಕ ನಾವು ಇರೂಣು.”

ಕಟ್ಟಿಯವರು ಕನ್ನಡಕ ಮತ್ತೆ ಹಾಕಿಕೊಂಡರು. “ನನಗ ಇನ್ನೊಂದು ಅಂಜಿಕಿ ಅದ. ‘ನನಗ ಗೊತ್ತಿಲ್ಲ’ ಅನ್ನೋ ಮಷೀನಿನೊಳಗ ಯಾವ ತಾಯಿ ತನ್ನ ಮಗಳನ್ನ ಕೂಡಸ್ತಾಳ? ಮಂದಿ ಗೀಜಗ ಹತ್ತೂದು ಬಿಟ್ರ ಮತ್ತ ಅದ ರಸ್ತೆ, ಅದ ಸಾವು.”

ಅವರು ಕಡೆಗೆ ಒಪ್ಪಿದ್ದು ಅರ್ಧ ಮನಸ್ಸಿನಿಂದ. ಆಷಾಢ ಮುಗಿಯುವವರೆಗೆ ಹೊಸ ಪ್ರೋಗ್ರಾಮ್ ಹಾರಲಿ. ಸರಿಹೋಗದಿದ್ದರೆ ಹಳೆಯದೇ ವಾಪಸು. ಹಳೆಯದಕ್ಕೆ ಒಂದೇ ಗುಂಡಿಯೊತ್ತಿ ಮರಳುವ ಏರ್ಪಾಡು ನಿಯಂತ್ರಣ ಕೊಠಡಿಯಲ್ಲಿ ಇರಲೇಬೇಕು, ಅದು ತಮ್ಮ ಕೈಯಳತೆಯಲ್ಲೇ ಇರಬೇಕು ಎಂದರು.

ಹೊಸ ಪ್ರೋಗ್ರಾಮ್ ಚಾಲೂ ಆದ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಗೋಡೆಯಷ್ಟಗಲದ ಪರದೆ ಅರಿಸಿನ ಬಳಿದಂತೆ ಹಳದಿಯಾಯಿತು. ಈವರೆಗೆ ಮೂಕವಾಗಿದ್ದ ಆಬ್ಜೆಕ್ಟ್‌ಗಳೆಲ್ಲ ಒಟ್ಟಿಗೆ ಕೂಗತೊಡಗಿದ್ದವು. ಬಾಗಿಲು ತಡವಾಗಿ ಮುಚ್ಚಿತೆಂದು ಕೂಗು, ಬ್ಯಾಟರಿ ಅರ್ಧವಾಯಿತೆಂದು ಕೂಗು, ಮೋಡ ಅಡ್ಡ ಬಂತೆಂದು ಕೂಗು. ಅರ್ಧದಷ್ಟು ಗೀಜಗಗಳು ನೆಲ ಬಿಟ್ಟು ಏಳಲೇ ಇಲ್ಲ. ಲಕ್ಷ್ಮೇಶ್ವರದ ಕಡೆಯ ರೋಗಿಯೊಬ್ಬರನ್ನು ರಸ್ತೆಯಲ್ಲೇ ತರಬೇಕಾಯಿತು; ಅವರು ಉಳಿದರು, ಆದರೆ ಅವರ ತಮ್ಮ ಕೇಂದ್ರದ ಅಂಗಳಕ್ಕೆ ಬಂದು ಬಾಯಿಗೆ ಬಂದಂತೆ ಬೈದುಹೋದ. ‘ಗೀಜಗಗಳಿಗೆ ಅಳುವ ರೋಗ’ ಎಂದು ಮರುದಿನದ ಪತ್ರಿಕೆ ನಗಾಡಿತು.

ಪರದೆಯ ಮುಂದೆ ಕೂರುತ್ತಿದ್ದವಳು ಮೆಹರುನ್ನೀಸಾ ಮಕಾನದಾರ. ಸೇವೆ ಶುರುವಾದಾಗಿನಿಂದ ಗೀಜಗಗಳ ಹಾರಾಟ ನೋಡಿಕೊಂಡವಳು, ಯಾವುದಕ್ಕೂ ಬೇಗ ಗಾಬರಿಯಾಗುವವಳಲ್ಲ. ಅವಳೂ ಅಂದು ಹಣೆ ಒತ್ತಿಕೊಂಡಳು.

“ಅಕ್ಕಾರ, ಇವು ಸೊಳ್ಳಿ ಕಡದ್ರೂ ಕೂಗಾಕತ್ತಾವ್ರಿ. ಇಷ್ಟರೊಳಗ ನಿಜವಾದ ಕೂಗು ಯಾವುದು ಅಂತ ನಾ ಹೆಂಗ ಹುಡುಕಲಿ?”

“ತಪ್ಪು ಅವುಗಳದಲ್ಲ, ಮೆಹರು. ಯಾವುದಕ್ಕ ಕೂಗಬೇಕು ಅಂತ ನಾ ಸರಿಯಾಗಿ ಹೇಳಿಕೊಟ್ಟಿಲ್ಲ.”

ಇಬ್ಬರೂ ಕೂಡಿ ಆರಿಸಲು ಕುಳಿತರು. ಬ್ಯಾಟರಿ ಖರ್ಚಾಗುವುದು ದಿನನಿತ್ಯದ ಸಂಗತಿ. ಅದನ್ನು ಕೇಳಿದಾಗ ಹೇಳಿದರೆ ಸಾಕು, ಕೂಗಬೇಕಿಲ್ಲ. ಮುಟ್ಟಬೇಕಾದ ಊರು ಮುಟ್ಟಲಾಗದಷ್ಟು ಖರ್ಚಾದರೆ ಮಾತ್ರ ಕೂಗಬೇಕು. ಹಾಗೆ ಸೋಸುತ್ತ ಸೋಸುತ್ತ ಕೂಗುಗಳಿಗೆ ಒಂದು ವಂಶವೃಕ್ಷ ಬೆಳೆಯಿತು. ಬುಡದಲ್ಲಿ ‘ತೊಂದರೆ’ ಎಂಬ ಮೂಲ. ಅದರ ಕೊಂಬೆಗಳಲ್ಲಿ ‘ಗಾಳಿ ತಿಳಿಯುತ್ತಿಲ್ಲ’, ‘ಊರು ಮುಟ್ಟಲಾರೆ’, ‘ಇಳಿಯಲು ಜಾಗವಿಲ್ಲ’ ಇತ್ಯಾದಿ ಬೇರೆ ಬೇರೆ ಹೆಸರಿನ ಮಕ್ಕಳು. ನೀಲಾಂಬಿಕಾ ಒಂದು ನಿಯಮ ಹಾಕಿದಳು: ಬುಡವನ್ನು ಯಾರೂ ಹಿಡಿಯುವಂತಿಲ್ಲ. ಬುಡವನ್ನು ಹಿಡಿದರೆ ಎಲ್ಲ ಕೊಂಬೆಗಳೂ ಕೈಗೆ ಬಂದುಬಿಡುತ್ತವೆ, ಯಾವುದಕ್ಕೆ ಏನು ಮಾಡಬೇಕೆಂದು ಯೋಚಿಸದೇ ಎಲ್ಲವನ್ನೂ ಅದುಮಿಬಿಡಬಹುದು. ಹಳೆಯ ಕಂಪನಿ ಮಾಡಿದ್ದೇ ಅದು. ಹಿಡಿಯುವವರು ಹೆಸರು ಹಿಡಿದೇ ಹಿಡಿಯಬೇಕು, ಹಿಡಿದ ಮೇಲೆ ಕೆಲಸ ಮಾಡಿ ತೋರಿಸಬೇಕು.

ಹಳದಿ ನಿಧಾನಕ್ಕೆ ತಿಳಿಯಾಯಿತು. ಗೀಜಗಗಳು ಮತ್ತೆ ಎದ್ದವು. ಆದರೂ ನೀಲಾಂಬಿಕೆಯ ಎದೆಯ ಭಾರ ಇಳಿಯಲಿಲ್ಲ. ಗಾಳಿ ತಿಳಿಯುತ್ತಿಲ್ಲವೆಂದು ಗೀಜಗ ಕೂಗಿದರೆ ಕೇಳಿಸಿಕೊಳ್ಳಬಹುದು ನಿಜ. ಆದರೆ ಬೆಟಗೇರಿಯ ಕೊಠಡಿಯಲ್ಲಿ ಕುಳಿತ ಮೆಹರುನ್ನೀಸಾಗೆ ತಾನೇ ಮುಂಡರಗಿಯ ಆಕಾಶದ ಗಾಳಿ ಹೇಗೆ ತಿಳಿಯಬೇಕು?

ಒಂದು ಭಾನುವಾರ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಮನೆಯಲ್ಲಿ ಚಂದದ ರೊಟ್ಟಿ ಬಡಿಯುವವನು ಶಂಭುಲಿಂಗ; ಅವನ ಕೈ ಪ್ಲಾಸ್ಟರಿನಲ್ಲಿದ್ದುದರಿಂದ ಹಂಚಿಗೆ ಬೀಳುತ್ತಿದ್ದವೆಲ್ಲ ಮೂಲೆ ಹರಿದ ನಕಾಶೆಗಳು. ಅವನು ಬಾಗಿಲಿಗೊರಗಿ ನಿಂತು ನಗುತ್ತಿದ್ದ.

“ಇದು ಆಂಧ್ರದ ನಕಾಶಿ ಏನು?”

“ತಿನ್ನಾಕ ಬರತೈತಿ, ತಿನ್ರಿ ಸುಮ್ಮನ,” ಎಂದಳು ನೀಲಾಂಬಿಕಾ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ತನ್ನ ತಲೆಯಲ್ಲಿದ್ದುದನ್ನೆಲ್ಲ ಹೇಳಿಕೊಂಡಳು.

ಶಂಭುಲಿಂಗ ನಗು ನಿಲ್ಲಿಸಿದ. “ವಾರ್ಡಿನ್ಯಾಗ ನಾವು ಒದರೂ ಪೇಶಂಟಿಗೆ ಅಂಜಂಗಿಲ್ಲ ನೋಡು. ಅವರಿಗೆ ಇನ್ನೂ ಶಕ್ತಿ ಐತಿ ಅಂತ ತಿಳಕೋತೇವಿ. ಗಪ್ ಅಂತ ಮಲಗಿದಾವ್ರ ಕಡೆ ಮೊದಲ ಓಡತೇವಿ. ನೀ ಅವನ್ನ ಒದರಾಂಗ ಮಾಡಿದ್ದು ಚಲೋ ಆತು. ಆದ್ರ ಒದರಿದ್ದು ಯಾರ ಕಿವಿಗೆ ಬೀಳಬೇಕು? ನಾನು ಓಡಿ ಹೋಗಾಕ ಆಗದಿದ್ರ ಬಾಜೂ ಬೆಡ್ಡಿನ ಮಂದಿ ಹೋಗಿ ನೀರರ ಕುಡಸ್ತಾರ. ಹತ್ತಿರ ಇದ್ದಾವ್ರು ಹೋಗಬೇಕಲ್ಲ.”

ನೀಲಾಂಬಿಕೆಯ ಕೈ ಹಂಚಿನ ಮೇಲೆ ನಿಂತಿತು. ಹಿಂಬಾಗಿಲಾಚೆ, ಊರಿನ ಮಾಳಿಗೆಗಳ ಮೇಲಿಂದ, ದೂರದಲ್ಲಿ ಕಪ್ಪತಗುಡ್ಡದ ನೀಲಿ ಬೆನ್ನು ಕಾಣುತ್ತಿತ್ತು. ಅದರ ಉದ್ದಕ್ಕೂ ಸಾಲಾಗಿ ನಿಂತ ಗಾಳಿಯಂತ್ರಗಳ ರೆಕ್ಕೆಗಳು ಬಿಳಿಯ ಕಡ್ಡಿಗಳಂತೆ ತಿರುಗುತ್ತಿದ್ದವು. ಹುಟ್ಟಿದಾಗಿನಿಂದ ನೋಡಿದ ನೋಟ. ಪ್ರತಿ ಯಂತ್ರದ ತಲೆಯ ಮೇಲೂ ಒಂದು ಗಾಳಿಮಾಪಕವಿರುತ್ತದೆ ಎಂಬುದು ಅವಳಿಗೆ ಗೊತ್ತಿದ್ದ ಸಂಗತಿಯೇ. ಗಾಳಿ ಯಾವ ಕಡೆಯಿಂದ, ಎಷ್ಟು ಎಂದು ತಿಳಿಯದೆ ಅವು ಮುಖ ತಿರುಗಿಸಲಾರವು.

ರೊಟ್ಟಿ ಸೀದು ಹೋಯಿತು. ಶಂಭುಲಿಂಗ ಒಂದೇ ಕೈಯಲ್ಲಿ ಹಂಚು ಇಳಿಸಿದ.

ಗುಡ್ಡದ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಫಕೀರಪ್ಪ ಇಟಗಿ. ನೀಲಾಂಬಿಕಾ ಮತ್ತು ಮೆಹರುನ್ನೀಸಾ ಜೀಪಿನಲ್ಲಿ ಗುಡ್ಡ ಹತ್ತಿ ಅವನ ಶೆಡ್ಡಿನಲ್ಲಿ ಕುಳಿತರು. ಹೊರಗೆ ಆಷಾಢದ ಗಾಳಿ ತಗಡು ಕೀಳುವಂತೆ ಬೀಸುತ್ತಿತ್ತು. ಗಾಳಿಯಂತ್ರಗಳೂ ಆಬ್ಜೆಕ್ಟ್‌ಗಳೇ, ರಾಜ್ಯದ ವಿದ್ಯುತ್ ಜಾಲದಲ್ಲಿ ಅವುಗಳಿಗೂ ಹೆಸರು, ಕೆಲಸ ಇವೆ ಎಂದು ನೀಲಾಂಬಿಕಾ ಶುರುಮಾಡಿದಳು. ಈವರೆಗೆ ಆಬ್ಜೆಕ್ಟ್‌ಗಳು ತಾವು ಏನು ಎಸೆಯುತ್ತೇವೆ ಎಂದು ಮಾತ್ರ ಸಾರುತ್ತಿದ್ದವು. ತಾವು ಏನನ್ನು ಹಿಡಿಯಬಲ್ಲೆವು ಎಂದೂ ಸಾರಿದರೆ? ಗೀಜಗ ಎಸೆದ ಕೂಗು ಗೀಜಗದೊಳಗೇ, ತಮ್ಮ ಕೇಂದ್ರದೊಳಗೇ ಸುತ್ತಬೇಕಾಗಿಲ್ಲ. ಹತ್ತಿರ ಇರುವ, ಹಿಡಿಯಬಲ್ಲೆನೆಂದ ಯಾವ ಯಂತ್ರವಾದರೂ ಹಿಡಿಯಬಹುದು.

“ಅಂದ್ರ ನಿಮ್ಮ ಗೀಜಗ ‘ಗಾಳಿ ತಿಳೀವಲ್ದು’ ಅಂತ ಕೂಗಿದ್ರ, ನಮ್ಮ ಫ್ಯಾನು ‘ನನಗ ಗೊತ್ತೈತಿ ತಗೋ’ ಅನ್ನಬೇಕು,” ಎಂದ ಫಕೀರಪ್ಪ.

“ಅಷ್ಟ ರೀ.”

ಅವನು ಕಿಟಕಿಯಾಚೆ ನೋಡಿದ. “ಇವು ನಿಂತಾಗಿನಿಂದ ಗಾಳೀನ ತಿಂದು, ಗಾಳೀನ ಉಂಡು ಬದುಕ್ಯಾವ. ಒಬ್ಬರರ ಬಂದು ಇವನ್ನ ಗಾಳಿ ಹೆಂಗೈತಿ ಅಂತ ಕೇಳಿರಲಿಲ್ಲ. ಬರೇ ಕರೆಂಟ್ ಎಷ್ಟು ಬಂತು ಅಂತ ಕೇಳ್ತಾರ.” ಆಮೇಲೆ ತಾನೇ ಸೇರಿಸಿದ, “ಇನ್ನೊಂದು ಬರ್ಕೋರಿ. ಶೆಡ್ಡಿನ ಮುಂದ ಕ್ರೇನ್ ನಿಲ್ಲಿಸೂ ಸಪಾಟ ಜಾಗ ಐತಿ. ‘ಇಳ್ಯಾಕ ಜಾಗ ಕೊಡಬಲ್ಲೆ’ ಅಂತ ಅದನ್ನೂ ಸಾರಿಬಿಡ್ರಿ.”

ಅಲ್ಲಿಂದ ಮುಂದಿನ ದಿನಗಳಲ್ಲಿ ಅವಳ ಮನಸ್ಸು ರೆಕ್ಕೆ ಬಂದಂತೆ ಓಡಾಡಿತು. ಶಾಲೆಗಳ ಮೈದಾನ, ಬಸ್ ಡಿಪೊಗಳ ಅಂಗಳ, ಹಳ್ಳಿಯ ದವಾಖಾನೆಗಳ ವೀಡಿಯೋ ಪರದೆ, ಒಂದೊಂದೂ ತಾನು ಏನನ್ನು ಹಿಡಿಯಬಲ್ಲೆನೆಂದು ಸಾರಿತು. ಅವನ್ನು ನೋಡಿಕೊಳ್ಳುವವರಲ್ಲಿ ಕೆಲವರು ನಕ್ಕರು, ಕೆಲವರು ಮೇಲಿನವರ ಅಪ್ಪಣೆ ತನ್ನಿರಿ ಎಂದರು, ಹೆಚ್ಚಿನವರು ಒಪ್ಪಿದರು. ಕಟ್ಟಿಯವರು ಮಾತ್ರ ಹಳೆಯ ಪ್ರೋಗ್ರಾಮಿನ ಗುಂಡಿಯನ್ನು ತೆಗೆಸಿರಲಿಲ್ಲ. ಆಷಾಢ ಕಡೆಯ ವಾರಕ್ಕೆ ಬಂದಿತ್ತು. ದೊಡ್ಡ ಪರೀಕ್ಷೆ ಇನ್ನೂ ಬಂದಿರಲಿಲ್ಲ.

ಅದು ಬಂದ ದಿನ ಶಂಭುಲಿಂಗ ಕೆಲಸಕ್ಕೆ ಮರಳಿದ್ದ.

ಗುಡ್ಡದ ದಕ್ಷಿಣಕ್ಕಿದ್ದ ಹಳ್ಳಿಯೊಂದರಿಂದ ಕರೆ ಬಂತು. ರೇಣವ್ವ ಎಂಬ ಚೊಚ್ಚಲ ಬಸುರಿ, ಬೆಳಗಿನಿಂದ ಬೇನೆ, ರಕ್ತದೊತ್ತಡ ಏರುತ್ತಲೇ ಇತ್ತು. ಗೀಜಗ ಅವಳನ್ನು ಹತ್ತಿಸಿಕೊಂಡು ಮೇಲೆದ್ದಾಗ ಮಧ್ಯಾಹ್ನದ ಬಿಸಿಲು. ಗುಡ್ಡದ ಮರೆಗೆ ಬರುವಷ್ಟರಲ್ಲಿ ಪಶ್ಚಿಮದಿಂದ ಕೆಂಪು ದೂಳಿನ ಗೋಡೆಯೇ ಎದ್ದು ಬಂತು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಒಂದು ಚುಕ್ಕೆ ಹಳದಿಯಾಯಿತು.

“ಅಕ್ಕಾರ,” ಎಂದಳು ಮೆಹರುನ್ನೀಸಾ. ಅವಳ ಸ್ವರ ಏರಲಿಲ್ಲ, ಆದರೆ ಕೊಠಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಗಾಳಿ ತಿಳಿಯುತ್ತಿಲ್ಲ.”

ಗೀಜಗದ ಎರಡೂ ಮಾಪಕಗಳಲ್ಲಿ ದೂಳು ಕಟ್ಟಿತ್ತು. ಮಾಪಕ ಎಸೆದದ್ದನ್ನು ದಾರಿ ಹಾಕುವ ಆಬ್ಜೆಕ್ಟ್ ಹಿಡಿಯಲಾರದೆ ಮೇಲಕ್ಕೆ ದಾಟಿಸಿತ್ತು. ಹಾರಾಟದ ಆಬ್ಜೆಕ್ಟ್ ಅದನ್ನು ಕೇಂದ್ರಕ್ಕೆ, ಕೇಂದ್ರ ಸುತ್ತಲಿನ ಆಕಾಶಕ್ಕೆ. ಉತ್ತರ ಬರುವವರೆಗೆ ಗೀಜಗ ವೇಗ ತಗ್ಗಿಸಿ ನಿಂತಲ್ಲೇ ತೂಗಾಡುತ್ತಿತ್ತು.

ಕಟ್ಟಿಯವರು ಎದ್ದು ನಿಂತಿದ್ದರು. ಅವರ ಕೈ ಹಳೆಯ ಪ್ರೋಗ್ರಾಮಿನ ಗುಂಡಿಯ ಮೇಲಿತ್ತು. “ಒಳಗ ಬಸುರಿ ಹೆಣ್ಣುಮಗಳಿದ್ದಾಳ. ಅದು ನಿಂತುಬಿಟ್ಟದ. ಹಳೇದರ ಮುಂದ ಹೋಗ್ತಿತ್ತು.”

ನೀಲಾಂಬಿಕೆಗೆ ಒಳಗೆ ಮತ್ತೊಬ್ಬನೂ ಇದ್ದಾನೆಂದು ಗೊತ್ತಿತ್ತು. “ಮುಂದ ಹೋಗ್ತಿತ್ರಿ ಸರ್, ಇಲ್ಲದ ಗಾಳೀನ ನಂಬಿ ಹೋಗ್ತಿತ್ತು. ಈಗ ಅದು ಕೇಳಾಕತ್ತೈತಿ. ಅದರ ಬಾಯಿ ಮುಚ್ಚಸಬ್ಯಾಡ್ರಿ.”

ಕಟ್ಟಿಯವರ ಬೆರಳು ಅಲುಗಲಿಲ್ಲ. ಆಗ ಪರದೆಯ ಮೇಲೆ, ಗುಡ್ಡದ ತುದಿಯಲ್ಲಿ, ಒಂದು ಬಿಳಿ ಬಾಣ ಮೂಡಿತು. ಗಾಳಿಯಂತ್ರವೊಂದು ಕೂಗನ್ನು ಹಿಡಿದು, ತನ್ನ ತಲೆಯ ಮೇಲಿನ ಗಾಳಿ ಇಂಥ ಕಡೆಯಿಂದ, ಇಷ್ಟು ಜೋರು ಎಂದು ಹೇಳಿತ್ತು. ಅದರ ಪಕ್ಕದ್ದು ಹೇಳಿತು. ಅದರಾಚೆಯದೂ ಹೇಳಿತು. ಕಪ್ಪತಗುಡ್ಡದ ಬೆನ್ನಿನುದ್ದಕ್ಕೂ ಬಾಣಗಳು ಒಂದರ ಹಿಂದೊಂದು ಎದ್ದು ಸಾಲುಗಟ್ಟಿದವು. ಅಷ್ಟು ಹೊತ್ತು ಕಣ್ಣಿಗೆ ಕಾಣದೆ ಬೀಸುತ್ತಿದ್ದ ಗಾಳಿ ಕೊಠಡಿಯ ಎಲ್ಲರ ಮುಂದೆ ನದಿಯಂತೆ ಹರಿದು ತೋರಿತು. ಎಲ್ಲಿ ಸುಳಿ, ಎಲ್ಲಿ ತಗ್ಗು, ಎಲ್ಲಿ ಎರಡು ಕಣಿವೆಗಳ ನಡುವೆ ನಿರಾಳವಾದ ಸಂದು, ಎಲ್ಲವೂ.

ಗೀಜಗಕ್ಕೂ ಅದೇ ಕಂಡಿತು. ಅದು ಮೂತಿ ತಿರುಗಿಸಿ ಆ ಸಂದಿನೊಳಗೆ ಹೊಕ್ಕಿತು. ಚುಕ್ಕೆ ಮತ್ತೆ ಹಸಿರಾಯಿತು.

ಕಟ್ಟಿಯವರು ಗುಂಡಿಯ ಮೇಲಿನ ಕೈಯನ್ನು ತಾವೇ ತೆಗೆದು ಕಿಸೆಯಲ್ಲಿಟ್ಟುಕೊಂಡರು.

ಉಸಿರು ಬಿಡುವಷ್ಟರಲ್ಲಿ ಎರಡನೆಯ ಕೂಗು ಬಂತು. ಊರು ಮುಟ್ಟಲಾರೆ. ಗಾಳಿಯೊಡನೆ ಗುದ್ದಾಡಿ ಬ್ಯಾಟರಿ ಇಳಿದುಹೋಗಿತ್ತು. ಈ ಸಲ ಬೆರಳು ಮಡಚುವಷ್ಟರಲ್ಲೇ ಉತ್ತರ ಬಂತು. ಫಕೀರಪ್ಪನ ಶೆಡ್ಡಿನ ಮುಂದಿನ ಅಂಗಳ ‘ಇಳಿಯಲು ಜಾಗ ಕೊಡಬಲ್ಲೆ’ ಎಂದಿತು. ಅದೇ ಗಳಿಗೆಗೆ ಸ್ಪೀಕರಿನಲ್ಲಿ ಶಂಭುಲಿಂಗನ ದನಿ ಕೇಳಿತು.

“ಕಂಟ್ರೋಲ್ ರೂಮ್, ಕೂಸಿನ ತಲಿ ಕಾಣಾಕತ್ತೈತಿ. ಇನ್ನ ಗದಗ ತನಕ ಕಾಯಾಂಗಿಲ್ಲ. ಅಲುಗಾಡಲಾರದ ಜಾಗ ಬೇಕು ನನಗ, ಈಗಿಂದೀಗ.”

ಇದು ವಂಶವೃಕ್ಷದ ಯಾವ ಕೊಂಬೆಯಲ್ಲೂ ಇಲ್ಲದ ಕೂಗು. ಯಾವ ಆಬ್ಜೆಕ್ಟೂ ಅದನ್ನು ಹಿಡಿಯುತ್ತೇನೆಂದು ಸಾರಿರಲಿಲ್ಲ. ಮೇಲೆ ಹಿಡಿಯಲು ನಾವಿರೋಣ ಎಂದು ಅವಳೇ ಹೇಳಿದ್ದಳು. ನೀಲಾಂಬಿಕಾ ಮೈಕಿನ ಮುಂದೆ ಬಾಗಿದಳು.

“ನಿಮ್ಮನ್ನ ಗುಡ್ಡದ ಮ್ಯಾಲೆ ಇಳಸ್ತೇವಿ. ಆಕಿನ್ನ ಗಟ್ಟ್ಯಾಗಿ ಹಿಡಕೊಳ್ರಿ.” ಆಮೇಲೆ ಫೋನು ಕೈಗೆತ್ತಿಕೊಂಡು, “ಇಟಗಿಯವರ, ಗೀಜಗ ನಿಮ್ಮ ಅಂಗಳಕ್ಕ ಬರಾಕತ್ತೈತಿ. ಒಳಗ ಹೆರಿಗಿ ನಡದೈತಿ. ತಿರಗೂ ರೆಕ್ಕಿ ಹಿಂದ ಗಾಳಿ ಸುಳಿಸುಳಿಯಾಗಿ ಬಡೀತೈತಲ್ಲ, ಅದರಾಗ ಇದು ಇಳ್ಯಾಕ ಆಗಂಗಿಲ್ಲ.”

“ಎಷ್ಟು ಫ್ಯಾನು ನಿಲ್ಲಸಲಿ?”

“ಎಷ್ಟು ಆಗತಾವೋ ಅಷ್ಟೂ.”

“ಆತು,” ಎಂದ ಫಕೀರಪ್ಪ.

ಗುಡ್ಡದ ಸುತ್ತಲಿನ ಹಳ್ಳಿಗಳ ಜನ ಮುಂದೆ ಬಹಳ ಕಾಲ ಆ ಮಧ್ಯಾಹ್ನದ ಮಾತಾಡಿದರು. ಹೊಲದಲ್ಲಿದ್ದವರು ತಲೆಯೆತ್ತಿದರೆ ಕಪ್ಪತಗುಡ್ಡದ ಮೇಲೆ ಒಂದೊಂದೇ ಗಾಳಿಯಂತ್ರ ರೆಕ್ಕೆಗಳನ್ನು ಗಾಳಿಗೆ ಓರೆಯಾಗಿಸಿ ನಿಧಾನವಾಗುತ್ತ, ನಿಧಾನವಾಗುತ್ತ ನಿಂತೇಬಿಟ್ಟಿತು. ಆಷಾಢದ ಅಂಥ ಗಾಳಿಯಲ್ಲಿ ಇಡೀ ಗುಡ್ಡ ಅಲುಗದೆ ನಿಂತದ್ದನ್ನು ಅವರು ಹಿಂದೆ ಎಂದೂ ಕಂಡಿರಲಿಲ್ಲ. ಆ ನಿಂತ ರೆಕ್ಕೆಗಳ ನಡುವಿನಿಂದ, ಕೆಂಪು ದೂಳನ್ನು ಸೀಳಿಕೊಂಡು, ಗೀಜಗವೊಂದು ಮೆಲ್ಲಗೆ ಇಳಿಯಿತು.

ಫಕೀರಪ್ಪನೂ ಅವನ ಕೆಲಸಗಾರರೂ ಸ್ಟ್ರೆಚರ್ ಹೊತ್ತು ಗಾಳಿಯಂತ್ರದ ಬುಡದ ಕೋಣೆಗೆ ಓಡಿದರು. ದೊಡ್ಡಾಸ್ಪತ್ರೆಯ ವೈದ್ಯೆ ಆ ಕೋಣೆಯ ಪರದೆಯ ಮೇಲೆ ಬಂದರು. ನಿಯಂತ್ರಣ ಕೊಠಡಿಯಲ್ಲಿ ಯಾರೂ ಕೂರಲಿಲ್ಲ. ಸ್ಪೀಕರಿನಲ್ಲಿ ಶಂಭುಲಿಂಗ, ಒತ್ತವ್ವಾ, ಇನ್ನೊಂದು ಸಲ, ನೀ ಭಾಳ ಗಟ್ಟಿ ಇದ್ದಿ, ಇನ್ನೊಂದು ಸಲ, ಎಂದು ಹೇಳುವುದು ಕೇಳುತ್ತಿತ್ತು. ಮುರಿದು ಕೂಡಿದ ಆ ಕೈ ಹೇಗೆ ತಡೆಯುತ್ತಿದೆಯೋ ಎಂದು ನೀಲಾಂಬಿಕಾ ಮುಷ್ಟಿ ಬಿಗಿದು ನಿಂತಿದ್ದಳು.

ಆಮೇಲೆ ಕೂಸು ಅತ್ತಿತು. ಸಣ್ಣ ದನಿ, ಆದರೆ ಸ್ಪೀಕರ್ ಒಡೆಯುವಂಥ ಹಟ.

“ಹೆಣ್ಣುಕೂಸು,” ಎಂದ ಶಂಭುಲಿಂಗ. ಅವನ ಉಸಿರು ಏರಿಳಿಯುತ್ತಿತ್ತು. “ತಾಯಿ ಆರಾಮ ಅದಾಳ. ಬಿಪಿ ಇಳ್ಯಾಕತ್ತೈತಿ.”

ಮೆಹರುನ್ನೀಸಾ ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು. ಕಟ್ಟಿಯವರು ನೀಲಾಂಬಿಕೆಯ ಮುಂದೆ ಬಂದು ನಿಂತರು. ಎರಡೂ ಕೈ ಜೋಡಿಸಿದರು. ಅವಳು ಗಾಬರಿಯಾಗಿ ಅವರ ಕೈ ಹಿಡಿದು ಕೆಳಗಿಳಿಸಿದಳು.

ರೆಕ್ಕೆಗಳು ಮತ್ತೆ ತಿರುಗತೊಡಗಿದವು. ಅವು ಹುಟ್ಟಿಸಿದ ಕರೆಂಟಿನಿಂದಲೇ ಗೀಜಗದ ಬ್ಯಾಟರಿ ತುಂಬಿತು. ಗಾಳಿ ತಗ್ಗಿದ ಮೇಲೆ ತಾಯಿ ಮಗು ಇಬ್ಬರನ್ನೂ ಹೊತ್ತು ಅದು ಗದುಗಿನ ಆಸ್ಪತ್ರೆಯ ಮಾಳಿಗೆಗೆ ಬಂದಿಳಿಯಿತು. ಬಾಗಿಲು ತೆರೆದಾಗ ನೀಲಾಂಬಿಕಾ ಅಲ್ಲೇ ನಿಂತಿದ್ದಳು. ಶಂಭುಲಿಂಗನ ಅಂಗಿ ರಕ್ತ, ದೂಳು, ಬೆವರಿನಿಂದ ಗುರುತು ಸಿಗದಂತಾಗಿತ್ತು. ಅವನು ಸ್ಟ್ರೆಚರ್ ಒಳಗೆ ಸಾಗಿಸಿ, ವಾಪಸು ಬಂದು, ಹೆಂಡತಿಯ ಪಕ್ಕ ಮಾಳಿಗೆಯ ಕಟ್ಟೆಯ ಮೇಲೆ ದೊಪ್ಪನೆ ಕುಳಿತ.

“ಅಂಜಿದ್ದೇನು?” ಎಂದ.

“ಬಾಳ,” ಎಂದಳು ಅವಳು.

“ನಾ ಅಂಜಲಿಲ್ಲ ನೋಡು. ಹಸಿರು ಅಕ್ಷರ ಹೋಗಿ ‘ಗಾಳಿ ತಿಳಿಯುತ್ತಿಲ್ಲ’ ಅಂತ ಬಂದ ಕೂಡಲೇ, ಇನ್ನ ಚಿಂತಿಲ್ಲ ಅನಸ್ತು. ಅದಕ್ಕ ಗೊತ್ತಾಗೇತಿ, ನಿಮಗೆಲ್ಲಾ ಗೊತ್ತಾಗೇತಿ ಅಂತ.”

ಹಳೆಯ ಪ್ರೋಗ್ರಾಮಿನ ಗುಂಡಿಯನ್ನು ಶ್ರಾವಣದ ಮೊದಲ ಸೋಮವಾರ ಕಟ್ಟಿಯವರೇ ಸ್ಕ್ರೂಡ್ರೈವರ್ ತರಿಸಿ ಬಿಚ್ಚಿಸಿದರು. ತಾನು ಎಲ್ಲೆಲ್ಲಿ ಸೋಲಬಹುದೆಂದು ಸಾರದ ಯಾವ ಯಂತ್ರವೂ ರೋಗಿಯನ್ನು ಹೊರುವಂತಿಲ್ಲ ಎಂಬ ನಿಯಮ ಮೊದಲು ಜಿಲ್ಲೆಯಲ್ಲಿ, ಅನಂತರ ರಾಜ್ಯದಲ್ಲಿ ಬಂತು. ಅದನ್ನು ಕಲಿಸಿಕೊಡಲು ನೀಲಾಂಬಿಕಾ, ಮೆಹರುನ್ನೀಸಾ ಊರೂರು ತಿರುಗಿದರು. ಕಲಬುರಗಿಯ ಬಸ್ಸುಗಳು, ಕಾರವಾರದ ದೋಣಿಗಳು, ಕಾಲುವೆಗಳ ಬಾಗಿಲುಗಳು ಒಂದೊಂದಾಗಿ ಬಾಯಿ ಬಿಟ್ಟು ಮಾತಾಡಲು ಕಲಿತವು.

ಕಟ್ಟಿಯವರನ್ನು ಕಾಡಿದ್ದ ಇನ್ನೊಂದು ಅಂಜಿಕೆಗೆ ಉತ್ತರ ಸಿಕ್ಕಿದ್ದು ಮರುವರ್ಷ. ಖಾಸಗಿಯವರೊಬ್ಬರು ಹೊಳೆಹೊಳೆಯುವ ಹೊಸ ಹಾರುವ ಆಂಬುಲೆನ್ಸ್ ತಂದಿದ್ದರು. ಸರ್ಕಾರದ ಪರವಾನಗಿಗೆ ಕಾಯುತ್ತ, ಪುಕ್ಕಟೆ ಸೇವೆಯೆಂದು ಶಿರಹಟ್ಟಿಯ ಹತ್ತಿರದ ಒಂದು ಮನೆಯ ಮುಂದೆ ಇಳಿಸಿದರು. ಒಳಗೆ ಪರದೆಯ ತುಂಬ ಹಸಿರು. ಮನೆಯ ಯಜಮಾನಿ, ಜ್ವರದಿಂದ ಕಾಯುತ್ತಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡೇ ಅದರೊಳಗೆ ಇಣುಕಿ ನೋಡಿದಳಂತೆ. ಇದಕ್ಕೆ ಏನಾದರೂ ಆದರೆ ಕೂಗುತ್ತದೆಯೇ ಎಂದು ಕೇಳಿದಳಂತೆ. ಇದಕ್ಕೆ ಏನೂ ಆಗುವುದೇ ಇಲ್ಲ ತಾಯಿ ಎಂದು ಅದರ ಜೊತೆ ಬಂದಿದ್ದ ಹುಡುಗ ಹೆಮ್ಮೆಯಿಂದ ಹೇಳಿದನಂತೆ.

ಮೆಹರುನ್ನೀಸಾಗೆ ಫೋನು ಬಂದದ್ದು ಅದಾದ ಮರುಕ್ಷಣ. ಪಕ್ಕದಲ್ಲಿ ಕುಳಿತಿದ್ದ ನೀಲಾಂಬಿಕೆಗೂ, ಹಿಂದೆ ನಿಂತಿದ್ದ ಕಟ್ಟಿಯವರಿಗೂ ಆ ಹೆಣ್ಣುಮಗಳ ದನಿ ಸ್ಪಷ್ಟವಾಗಿ ಕೇಳಿಸಿತು.

“ಅಕ್ಕಾರ, ಇಲ್ಲೊಂದು ಬಂದೈತ್ರಿ, ಆದ್ರ ಅದು ಏನೂ ಅನ್ನಂಗಿಲ್ಲಂತ. ನನ್ನ ಮಗಳನ್ನ ಅದರಾಗ ಹೆಂಗ ಕೂಡಸಲ್ರಿ? ನೀವು ಆ ಕೂಗೂದನ್ನ ಕಳಸ್ರಿ.”

ಮೆಹರುನ್ನೀಸಾ ಆಗಲೇ ಕಳಿಸಿಯಾಗಿತ್ತು.